ಆಲಿಕಲ್ಲು ಬಿದ್ದ ಶುಕ್ರವಾರ

ಜನವರಿ 10, ಶುಕ್ರವಾರ

ಇದು ವೆಂಕಟರಾಮು ಅವರ ಗ್ರೀನ್‌ಹೌಸ್ ರಿಜಿಸ್ಟರು. ದಿನಾಂಕ, ಗರಿಷ್ಠ, ಕನಿಷ್ಠ, ತೇವಾಂಶ, ಷರಾ ಎಂದು ಗೆರೆ ಹೊಡೆದ ಹಾಳೆಗಳು. ನವೆಂಬರ್ ಹನ್ನೊಂದರವರೆಗೆ ಅವರ ಅಕ್ಷರವಿದೆ. 'ಮೂರನೇ ಮನೆಯ ಸೌತೆಗೆ ಬಿಳಿ ನೊಣ' ಎಂಬುದು ಕೊನೆಯ ಷರಾ. ಅದನ್ನು ಬರೆದಿಟ್ಟು ಅದೇ ಮೂರನೇ ಗ್ರೀನ್‌ಹೌಸಿಗೆ ಹೋದವರು ಬಳ್ಳಿಗಳ ನಡುವೆ ಕುಸಿದು ಬಿದ್ದರು, ಮತ್ತೆ ಏಳಲಿಲ್ಲ. ಹೃದಯ ಎಂದರು ಡಾಕ್ಟರು. ನಲವತ್ತಾರು ವರ್ಷದ ಗಂಡಸು, ಒಂದು ದಿನವೂ ಎದೆ ನೋವು ಎಂದವರಲ್ಲ. ಹೇಳದೆ ಹೋಗುವುದು ಅವರ ಚಾಳಿ, ಪೇಟೆಗೆ ಹೋದರೂ ಹಾಗೆಯೇ. ಮಿಕ್ಕ ಹಾಳೆಗಳಲ್ಲಿ ನಾನು ಷರಾ ಬರೆಯಲು ಕೂತಿದ್ದೇನೆ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಇಲ್ಲಿ ಆಡುಗಳೇ ಗತಿ.

ಮೈಸೂರಿನಲ್ಲಿ ಕರ್ಮಾಂತರ ಮುಗಿಸಿ ಡಿಸೆಂಬರಿನಲ್ಲಿ ನಾನೂ ಅವರ ಮಗಳು ಆಶ್ರಿತಾಳೂ ವಾಪಸು ಬಂದೆವು. ಅವಳ ನಾಲ್ಕನೇ ಕ್ಲಾಸು ಮುಗಿಯಲಿ ಎಂದು ಅವರು ಕೆಲಸಕ್ಕಿದ್ದ ಕಂಪನಿ ಮಾರ್ಚ್ ಕೊನೆಯ ತನಕ ಈ ತೋಟದ ಮನೆಯಲ್ಲೇ ಇರಲು ಬಿಟ್ಟಿದೆ. ಕತಾರಿನ ಅಲ್ ರಯ್ಯಾನ್ ಊರು ದಾಟಿ ಅರ್ಧ ಗಂಟೆ ಕಾರಿನಲ್ಲಿ ಬಂದರೆ ಎಂಟು ಗ್ರೀನ್‌ಹೌಸು, ನಾಲ್ಕು ಸಾಲು ಖರ್ಜೂರದ ಮರ, ಆಡಿನ ಕೊಟ್ಟಿಗೆ, ಕೆಲಸಗಾರರ ಕ್ಯಾಂಪು, ನಮ್ಮ ಮನೆ. ಬೇಲಿಯಾಚೆ ಮರಳು.

ಮಾರ್ಚ್ ಆದ ಮೇಲೆ ಅವಳು ಬೆಂಗಳೂರಿಗೆ, ಹೆತ್ತ ತಾಯಿ ರಶ್ಮಿತಾ ಹತ್ತಿರ. ನಾನು ಮೈಸೂರಿಗೆ, ಅಣ್ಣನ ಮನೆಗೆ. ನಾನು ವೆಂಕಟರಾಮು ಅವರ ಎರಡನೇ ಹೆಂಡತಿ. ಈ ಮನೆಗೆ ಬಂದಾಗ ಆಶ್ರಿತಾಗೆ ನಾಲ್ಕು ವರ್ಷ, ಈಗ ಒಂಬತ್ತು. ತಂದೆ ಹೋದರೆ ಮಗು ಹೆತ್ತವಳಿಗೆ ಎಂದು ಮೈಸೂರಿನ ವಕೀಲರು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದರು. ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ.

ಶುಕ್ರವಾರವಾದ್ದರಿಂದ ಇವತ್ತು ರಶ್ಮಿತಾ ವಿಡಿಯೋ ಕಾಲ್. 'ಮಮ್ಮಿ, ಮಮ್ಮಿ' ಎಂದು ಇವಳು ಅರ್ಧ ಗಂಟೆ ಮಾತಾಡಿದಳು. ಫೋನಿನಲ್ಲಿ ಮುದ್ದು ಮಾಡಲು ಯಾರಿಗೆ ಬರುವುದಿಲ್ಲ? ಶೀತವಾದಾಗ ಮೂಗು ಒರೆಸಲಿ ನೋಡೋಣ.

ಜನವರಿ 14, ಮಂಗಳವಾರ

ವರ್ಷ ತುಂಬುವ ತನಕ ಹಬ್ಬವಿಲ್ಲ. ಅದು ಆಶ್ರಿತಾಗೆ ಗೊತ್ತಿಲ್ಲ. 'ಅಮ್ಮ, ಸಂಕ್ರಾಂತಿ ಮಿಕ್ಸ್ಚರ್ ಎಲ್ಲಿ?' ಎಂದಳು ಸ್ಕೂಲಿಂದ ಬಂದವಳೇ. ಐದು ವರ್ಷದಿಂದ ಎಳ್ಳು ಬೆಲ್ಲ ಅನ್ನು ಎಂದು ಹೇಳಿಕೊಟ್ಟದ್ದು ಹೀಗೆ ಫಲ ಕೊಟ್ಟಿದೆ. ಇದ್ದ ಕೊಬ್ಬರಿ ಹೆಚ್ಚಿ, ಬೆಲ್ಲ ಕುಟ್ಟಿ, ಕಡಲೆಬೀಜ ಹುರಿದು ಕೊಟ್ಟೆ. ಹಬ್ಬವಲ್ಲ, ತಿಂಡಿ ಎಂದುಕೊಂಡೆ. ಅವಳು ಒಂದು ಡಬ್ಬಿಗೆ ಹಾಕಿ ಅಪ್ಪನ ಫೋಟೋ ಮುಂದೆ ಇಟ್ಟಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಜನವರಿ 23, ಗುರುವಾರ

ಟಿ.ಸಿ.ಗೆ ಅರ್ಜಿ ಕೊಡಲು ಸ್ಕೂಲಿಗೆ ಹೋಗಿದ್ದೆ. ಆಫೀಸಿನ ಮಲಯಾಳಿ ಹೆಂಗಸು ಒಂದು ಕರಡು ಪ್ರತಿ ತೆಗೆದುಕೊಟ್ಟು, ಹೆಸರು, ಹುಟ್ಟಿದ ದಿನ ಎಲ್ಲ ಸರಿಯಿದೆಯಾ ನೋಡಿ ಎಂದಳು. ನೋಡಿದೆ. ವಿದ್ಯಾರ್ಥಿನಿ: ಆಶ್ರಿತಾ ವೆಂಕಟರಾಮು. ತಾಯಿಯ ಹೆಸರು: ಅನಿಶಾ ವೆಂಕಟರಾಮು.

ಎರಡು ಸಲ ಓದಿದೆ. ಇವಳನ್ನು ಕೆಜಿಗೆ ಸೇರಿಸಲು ಅವರೊಬ್ಬರೇ ಹೋಗಿದ್ದರು. ಮದುವೆಯಾಗಿ ಆಗ ಎರಡು ತಿಂಗಳು. ಮಗು ಇನ್ನೂ ನನ್ನ ಮಡಿಲಿಗೇ ಬರುತ್ತಿರಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕೆಟ್ಟದಾಗಿ ನೋಡುತ್ತಿತ್ತು. ಅಂಥ ಹೊತ್ತಿನಲ್ಲಿ ಈ ಮಹಾರಾಯರು ಅರ್ಜಿಯಲ್ಲಿ ತಾಯಿ ಎಂದು ನನ್ನ ಹೆಸರು ಬರೆದು ಬಂದಿದ್ದಾರೆ. ಮನೆಗೆ ಬಂದು ಒಂದು ಮಾತು ಹೇಳಲಿಲ್ಲ. ಪಾಸ್‌ಪೋರ್ಟಿನಲ್ಲಿ, ಬರ್ತ್ ಸರ್ಟಿಫಿಕೇಟಿನಲ್ಲಿ ಇರುವುದು ರಶ್ಮಿತಾ ಹೆಸರು. ಸ್ಕೂಲಿನವರು ಆಗ ತಾಳೆ ನೋಡಿರಲಿಕ್ಕಿಲ್ಲ.

'ಕರೆಕ್ಟಾ ಮೇಡಂ?' ಎಂದಳು ಅವಳು.

'ಕರೆಕ್ಟ್' ಎಂದೆ.

ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಇವತ್ತು ನನಗೆ ಸಂತೋಷವಾಗಿದೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ.

ಫೆಬ್ರವರಿ 6, ಗುರುವಾರ

ಕಂಪನಿಯ ಕಾಗದಪತ್ರ ಓಡಾಡಿಸುವ ಯಾಕೂಬ್ ಭಾಯ್ ಬಂದಿದ್ದರು. ಬಂಟ್ವಾಳದ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ವೆಂಕಟರಾಮು ಅವರನ್ನು ಊರಿಗೆ ಕಳಿಸುವ ಎಲ್ಲ ಓಡಾಟವನ್ನೂ ಎರಡೇ ದಿನದಲ್ಲಿ ಮುಗಿಸಿದವರು. ಮಗುವಿನ ವೀಸಾ ಕ್ಯಾನ್ಸಲ್ ಮಾಡಿಸಲು ಕಾಗದಗಳನ್ನು ಜೋಡಿಸುತ್ತಿದ್ದವರು ಟಿ.ಸಿ. ಕರಡು ನೋಡಿ ಕನ್ನಡಕ ಏರಿಸಿದರು.

'ಮೇಡಂ, ಇದು ಎಂತ? ಪಾಸ್‌ಪೋರ್ಟಲ್ಲಿ ಒಂದು ಹೆಸ್ರು, ಇದ್ರಲ್ಲಿ ಒಂದು ಹೆಸ್ರು?'

'ಅವರು ಬರೆಸಿದ್ದು' ಎಂದೆ.

ಕರಡನ್ನು ಮಡಿಸಿ ಮೇಜಿನ ಮೇಲಿಟ್ಟರು. 'ಸಾರ್ ಒಳ್ಳೆ ಮನಸ್ಸಲ್ಲೇ ಬರ್ಸಿದ್ದು, ಅದು ನಂಗೆ ಗೊತ್ತುಂಟು. ಆದ್ರೆ ಪೇಪರಿಗೆ ಮನಸ್ಸು ಗಿನಸ್ಸು ಎಲ್ಲ ಮಾಫಿ, ಇಲ್ಲವೇ ಇಲ್ಲ ಮೇಡಂ. ಬೆಂಗ್ಳೂರಿನ ಶಾಲೆಯವ್ರು ಇದನ್ನು ತಗೊಳ್ಳಿಕ್ಕಿಲ್ಲ. ಯಾರ ಹೆಸ್ರು ತಪ್ಪಿ ಬಿದ್ದಿದೆಯೋ ಅವ್ರೇ ಲೆಟರ್ ಕೊಡ್ಬೇಕು. ನಾನು ಈ ಮಗುವಿನ ಮದರ್ ಅಲ್ಲ, ಸರಿ ಮಾಡಿ ಕೊಡಿ ಅಂತ. ಎರಡು ಲೈನ್. ಖಲಾಸ್.'

'ಕೊಡ್ತೀನಿ' ಎಂದೆ.

ಕೊಡುವುದಿಲ್ಲ. ಇಲ್ಲಿ ನನಗೆ ನಾನೇ ಸುಳ್ಳು ಹೇಳಿಕೊಂಡು ಪ್ರಯೋಜನವಿಲ್ಲ. ಅಣ್ಣನ ಮನೆಯ ಪಕ್ಕದ ರಸ್ತೆಯಲ್ಲೇ ಒಂದು ಶಾಲೆಯಿದೆ. ಅಲ್ಲಿನ ಹೆಡ್‌ಮಿಸ್ ನನ್ನ ಜೊತೆ ಓದಿದವಳು. ಟಿ.ಸಿ.ಯಲ್ಲಿ ತಾಯಿ ಎಂದು ನನ್ನ ಹೆಸರಿದ್ದರೆ ಅವಳು ಬೇರೇನೂ ಕೇಳದೆ ಸೇರಿಸಿಕೊಳ್ಳುತ್ತಾಳೆ. ಬೆಂಗಳೂರಿನವರು ಆಗುವುದಿಲ್ಲ ಎಂದು ವಾಪಸು ಕಳಿಸಿದರೆ, ಸದ್ಯಕ್ಕೆ ಈ ವರ್ಷ ಮೈಸೂರಿನಲ್ಲಿ ಓದಲಿ ಎನ್ನಬಹುದು. ಒಂದು ವರ್ಷ ಆದಮೇಲೆ ಇನ್ನೊಂದು ವರ್ಷ. ನಾನು ಮಾಡಬೇಕಾದದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹೆಂಗಸರಿಗೆ ಅದು ಬರುವುದಿಲ್ಲ ಎಂದವರು ನನ್ನನ್ನು ಬಂದು ನೋಡಲಿ.

ಫೆಬ್ರವರಿ 15, ಶನಿವಾರ

ರಶ್ಮಿತಾ ಮೆಸೇಜು. ಅವಳು ನೋಡಿರುವ ಶಾಲೆಗೆ ಮಾರ್ಚ್ ಆರು ಕೊನೆಯ ದಿನವಂತೆ. 'ಟಿ.ಸಿ. ಯಾವಾಗ ಸಿಗಬಹುದು ಅನಿಶಾ ಅವರೇ?' ಎಂದು ಕೇಳಿದ್ದಾಳೆ. ಸ್ಕೂಲಿನವರು ನಿಧಾನ ಎಂದು ಬರೆದು ಕಳಿಸಿದೆ. ಪಾಪ, ಆ ಮಲಯಾಳಿ ಹೆಂಗಸು ಎರಡು ಸಲ ಫೋನ್ ಮಾಡಿ, ಬಂದು ತಗೊಂಡು ಹೋಗಿ ಎಂದಿದ್ದಳು.

ಆಶ್ರಿತಾ ಹುಟ್ಟಿದಾಗ ರಶ್ಮಿತಾಗೆ ಬಾಣಂತನದಲ್ಲೇ ಮನಸ್ಸು ಕೆಟ್ಟು, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಳು. ಆಮೇಲೆ ಡೈವೋರ್ಸ್ ಆಯಿತು, ಮಗು ತಂದೆಯ ಬಳಿ ಉಳಿಯಿತು. ಈಗ ಫಿಸಿಯೋಥೆರಪಿ ಮಾಡುತ್ತಾಳೆ, ಸ್ವಂತ ಕ್ಲಿನಿಕ್ ಇದೆ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಹೊಟ್ಟೆಯುರಿ ಕಡಿಮೆಯಾಗುತ್ತಿಲ್ಲ.

ಫೆಬ್ರವರಿ 21, ಶುಕ್ರವಾರ

ಇವತ್ತು ತುಂಬ ಬರೆಯಬೇಕು.

ಜುಮ್ಮಾ ನಮಾಜು ಮುಗಿಸಿ ಕೆಲಸಗಾರರು ಕ್ಯಾಂಪಿಗೆ ಮರಳಿದ್ದರು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅಡುಗೆಮನೆ ಇದ್ದಕ್ಕಿದ್ದಂತೆ ಕತ್ತಲಾಯಿತು. ಪಡುವಣದ ಕಡೆ ನೋಡಿದರೆ ಆಕಾಶ ಕಪ್ಪಿಟ್ಟಿದೆ. ಇಲ್ಲಿ ಹೀಗಾದರೆ ನಮಗೆ ಹೊಳೆಯುವುದು ಒಂದೇ, ಧೂಳುಗಾಳಿ. 'ಆಶು, ಕಿಟಕಿ ಹಾಕು!' ಎಂದು ಕೂಗಿ, ಒದ್ದೆ ಟವೆಲ್ಲುಗಳನ್ನು ತಂದು ಬಾಗಿಲ ಸಂದಿಗೆ ತುರುಕಿದೆ. ಇಬ್ಬರೂ ಸೋಫಾದ ಮೇಲೆ ಕೂತು ಧೂಳಿಗೆ ಕಾದೆವು.

ಧೂಳು ಬರಲಿಲ್ಲ. ಮೊದಲು ಹೊರಗಿನ ಎ.ಸಿ. ಪೆಟ್ಟಿಗೆಯ ಮೇಲೆ ಟಕ್ ಎಂದಿತು. ಆಮೇಲೆ ಇನ್ನೆರಡು. ಆಮೇಲೆ ತರಕಾರಿ ಪ್ಯಾಕ್ ಮಾಡುವ ಶೆಡ್ಡಿನ ತಗಡಿನ ಮೇಲೆ ಯಾರೋ ಮೂಟೆಗಟ್ಟಲೆ ಕಡಲೆಕಾಳು ಸುರಿದ ಸದ್ದು. ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಆಶ್ರಿತಾ ಪರದೆ ಸರಿಸಿದವಳು ಕಿರುಚಿದಳು:

'ಅಮ್ಮ! ಇಟ್ಸ್ ಸ್ನೋಯಿಂಗ್! ಅಮ್ಮ, ಕತಾರಲ್ಲಿ ಸ್ನೋ ಬೀಳ್ತಿದೆ!'

'ಸ್ನೋ ಅಲ್ವೇ ಪುಟ್ಟಿ, ಆಲಿಕಲ್ಲು.'

'ಆಲಿ ಯಾರು?'

ಯಾರೂ ಅಲ್ಲ ಎಂದು ಹೇಳುವಷ್ಟರಲ್ಲಿ ಟವೆಲ್ಲನ್ನು ಕಾಲಲ್ಲಿ ಒದ್ದು, ಬಾಗಿಲು ತೆಗೆದು, ಅಂಗಳಕ್ಕೆ ಓಡಿದ್ದಳು. ತಲೆಗೆ ಪೆಟ್ಟಾದೀತೆಂದು ನಾನು ಕೈಗೆ ಸಿಕ್ಕ ಪಾತ್ರೆ ಹಿಡಿದು ಹಿಂದೆಯೇ ಓಡಿದೆ. ಅನ್ನದ ದಬರಿಯನ್ನು ಅವಳ ತಲೆಗೆ ಕವುಚಿದೆ. ನನಗೆ ಏನೂ ಉಳಿದಿರಲಿಲ್ಲ, ದೋಸೆಕಾವಲಿ ಹಿಡಿದುಕೊಂಡೆ. ದಬರಿಯ ಮೇಲೆ ಟಣ್, ಕಾವಲಿಯ ಮೇಲೆ ಠಣ್. ಹತ್ತು ನಿಮಿಷ ಬಿದ್ದಿರಬಹುದು. ನಿಂತಾಗ ನೋಡಿದರೆ ಬೇಲಿಯ ತನಕ ಎಲ್ಲವೂ ಬಿಳಿ. ಖರ್ಜೂರದ ಪಾತಿಗಳು ಬಿಳಿ, ಆಡಿನ ಮೇವಿನ ತೊಟ್ಟಿ ಬಿಳಿ, ಬೇಲಿಯಾಚೆ ಮರಳೂ ಬಿಳಿ. ಈ ತೋಟಕ್ಕೆ ಬಂದು ಐದು ವರ್ಷವಾಯಿತು, ಇಂಥದ್ದನ್ನು ಕಂಡಿರಲಿಲ್ಲ. ಕ್ಯಾಂಪಿನ ಹುಡುಗರೆಲ್ಲ ಹೊರಗೆ ಬಂದು, ಫೋನ್ ಎತ್ತಿ ಹಿಡಿದು, ಊರಿನವರಿಗೆ ತೋರಿಸುತ್ತಿದ್ದರು. ಆಡುಗಳು ಮಾತ್ರ ನಮಗೆ ಮೋಸವಾಯಿತು ಎಂಬಂತೆ ಅರಚುತ್ತಿದ್ದವು.

ಆಶ್ರಿತಾ ಅಪ್ಪನ ಗಂಬೂಟು ಹಾಕಿಕೊಂಡು ಬಂದಳು, ಮೊಣಕಾಲು ದಾಟಿ ಬರುತ್ತದೆ ಅದು. ಸ್ನೋಮ್ಯಾನ್ ಮಾಡಲೇಬೇಕೆಂದು ಹಟ. ಆಲಿಕಲ್ಲು ಎಲ್ಲಿ ಅಂಟುತ್ತದೆ? ಗುಡ್ಡೆ ಹಾಕಿದಷ್ಟೂ ಜಾರುತ್ತದೆ. ಕೊನೆಗೆ ಹುಟ್ಟಿದ್ದು ಕುತ್ತಿಗೆಯಿಲ್ಲದ ಒಂದು ದಪ್ಪ ಆಸಾಮಿ. ಮೂಗಿಗೆ ಎಳೆ ಸೌತೆ, ಕಣ್ಣಿಗೆ ಖರ್ಜೂರದ ಬೀಜ. 'ಯಾಕೂಬ್ ಅಂಕಲ್ ಥರ ಇದೆ' ಎಂದಳು. ನಿಜವಾಗಿಯೂ ಹಾಗೇ ಇತ್ತು. ನಾನು ನಕ್ಕೆ. ನಿಲ್ಲಿಸಲು ಆಗಲಿಲ್ಲ, ಕಾವಲಿ ಕೆಳಗೆ ಹಾಕಿ ಒದ್ದೆ ನೆಲದ ಮೇಲೇ ಕೂತುಬಿಟ್ಟೆ. ಅವಳು ದಬರಿಯನ್ನು ಹಿಂದಕ್ಕೆ ಸರಿಸಿ ನನ್ನ ಮುಖ ನೋಡಿದಳು. 'ಅಮ್ಮ, ನಿನ್ನ ಹಲ್ಲು ನೋಡಿ ಎಷ್ಟೊಂದು ದಿನ ಆಯ್ತು!' ಎಂದಳು. ನವೆಂಬರಿನಿಂದ ಈಚೆಗೆ ನಗುತ್ತಿರುವುದು ಇದೇ ಮೊದಲು ಎಂದು ಆಗ ತಿಳಿಯಿತು. ಅವರು ಇದ್ದಿದ್ದರೆ ನಮ್ಮನ್ನು ಬಿಟ್ಟು ಗ್ರೀನ್‌ಹೌಸಿನ ಶೀಟು ನೋಡಲು ಓಡುತ್ತಿದ್ದರು, ನಾನು ಬೈಯುತ್ತಿದ್ದೆ. ಅಷ್ಟು ನೆನೆದರೂ ನಗು ನಿಲ್ಲಲಿಲ್ಲ. ಕ್ಷಮಿಸಿ ರೀ.

ನಿಂಬೆ ಶರಬತ್ತು ಮಾಡಿ, ಸ್ವಚ್ಛವಾದ ಆಲಿಕಲ್ಲು ಆರಿಸಿ ಲೋಟಕ್ಕೆ ಹಾಕಿ ಕುಡಿದೆವು. ಆಕಾಶದ ಐಸು ಬಾಟಲಿಯ ನೀರಿನ ಐಸಿಗಿಂತ ಸಿಹಿಯಂತೆ. ಆಮೇಲೆ ಚಳಿಯಾಗಿ ದಪ್ಪಮೆಣಸಿನಕಾಯಿ ಬಜ್ಜಿ ಕರಿದೆ. ಬಾಗಿಲ ಮೆಟ್ಟಿಲ ಮೇಲೆ ಒಂದೇ ಶಾಲು ಹೊದ್ದು, ಬಿಸಿಬಿಸಿ ತಿನ್ನುತ್ತ, ಬೆಳ್ಳಗಿನ ತೋಟ ನೋಡುತ್ತ ಕೂತೆವು. ಸಾರು ಒಲೆಯ ಮೇಲೇ ಆರಿಹೋಯಿತು. ಇವತ್ತು ನಮ್ಮಂಥ ಶ್ರೀಮಂತರು ದೋಹಾದಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ರಶ್ಮಿತಾ ಕಾಲ್. ಶುಕ್ರವಾರ ಎಂಬುದನ್ನೇ ಮರೆತಿದ್ದೆ. ಆಶ್ರಿತಾ ಫೋನ್ ಹಿಡಿದು ಅಂಗಳವೆಲ್ಲ ತಿರುಗಿಸಿ ತೋರಿಸಿದಳು. 'ಅಯ್ಯೋ, ಏನ್ ಪುಟ್ಟಿ ಇದು! ತಲೆಗೆ ಬಿತ್ತಾ? ಕಾಲು ಒದ್ದೆ ಇದೆ, ಸಾಕ್ಸ್ ಚೇಂಜ್ ಮಾಡು' ಎಂದು ಅವಳು ಅಲ್ಲಿಂದ ಒಂದೇ ಸಮ. ಆಮೇಲೆ, 'ಅಮ್ಮ ಎಲ್ಲಿ? ಅಮ್ಮಂಗೆ ಕೊಡು' ಎಂದಳು. ಅಮ್ಮ ಎಂದರೆ ನಾನು. ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಇದೇ ಮೊದಲು. ಬಹುಶಃ ಮೊದಲಿಂದಲೂ ಹಾಗೇ ಅನ್ನುತ್ತಿದ್ದಳೇನೋ, ನಾನು ಯಾವಾಗಲೂ ಪಕ್ಕದ ಕೋಣೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರುತ್ತೇನೆ.

'ಟಿ.ಸಿ. ಏನಾದ್ರೂ ಆಯ್ತಾ ಅನಿಶಾ ಅವ್ರೇ? ಒತ್ತಾಯ ಮಾಡ್ತಿದ್ದೀನಿ ಅಂತ ತಪ್ಪು ತಿಳ್ಕೋಬೇಡಿ.'

'ನೋಡ್ತೀನಿ' ಎಂದೆ.

ಫೋನ್ ಇಟ್ಟ ಮೇಲೆ ಆಶ್ರಿತಾ ಬಜ್ಜಿ ಕಚ್ಚುವುದನ್ನು ನಿಲ್ಲಿಸಿದಳು. 'ಅಮ್ಮ, ಟಿ.ಸಿ. ಸಿಗ್ದೇ ಇದ್ರೆ ನಾನು ಮತ್ತೆ ಗ್ರೇಡ್ ಫೋರ್ ಮಾಡ್ಬೇಕಾ?'

'ಯಾರು ಹೇಳಿದ್ದು?'

'ಕ್ಲಾಸಲ್ಲಿ ಹೇಳ್ತಿದ್ರು. ಒಬ್ಬ ಬಾಯ್ ಇಂಡಿಯಾಗೆ ಹೋದಾಗ ಪೇಪರ್ ರಾಂಗ್ ಇತ್ತಂತೆ, ಒನ್ ಇಯರ್ ಮನೇಲೇ ಕೂತಿದ್ನಂತೆ. ಎಲ್ಲಾರೂ ನಾನು ಫೇಲ್ ಅಂದ್ಕೋತಾರೆ. ನಾನು ಫೇಲ್ ಆಗಿಲ್ಲ ಅಲ್ವಾ?' ಎಷ್ಟು ದಿನದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳೋ. ಅಪ್ಪನ ಹಾಗೆ ಇವಳೂ ಹೇಳದ ಜಾತಿ.

'ಇಲ್ಲ' ಎಂದೆ. 'ಫಿಫ್ತ್‌ಗೇ ಹೋಗ್ತೀಯ.'

ಒಂದು ಗಂಟೆಯೊಳಗೆ ಎಲ್ಲವೂ ಕರಗಿ ಮಣ್ಣಿಗೆ ಇಳಿಯಿತು. ಎರಡು ಗ್ರೀನ್‌ಹೌಸಿನ ಶೀಟು ಹರಿದಿದೆ. ಇಲ್ಲಿ ರಜೆ ಶುಕ್ರವಾರ, ಶನಿವಾರ; ಸ್ಕೂಲ್ ಆಫೀಸು ಭಾನುವಾರ ಏಳಕ್ಕೆ ತೆಗೆಯುತ್ತದೆ.

ಫೆಬ್ರವರಿ 22, ಶನಿವಾರ

ಪತ್ರ ಬರೆದೆ. ಐದು ಸಲ. ಮೊದಲನೆಯದರಲ್ಲಿ ಎಲ್ಲ ಕಥೆ ಬರೆದಿದ್ದೆ, ಮಗುವಿಗೆ ಯಾರೂ ಏನೂ ಕೇಳದಿರಲಿ ಎಂದು ನನ್ನ ಗಂಡ ಹೀಗೆ ಬರೆಸಿದರು, ಅವರದು ಕೆಟ್ಟ ಉದ್ದೇಶವಲ್ಲ ಎಂದು. ಸ್ಕೂಲಿಗೆ ಅದು ಯಾಕೆ? ಹರಿದೆ. ಎರಡನೆಯದರಲ್ಲಿ 'ಹೆತ್ತ ತಾಯಿ ಅಲ್ಲ' ಎಂದು ಬರೆದೆ. 'ಹೆತ್ತ' ಎಂಬುದು ನನ್ನ ಸಮಾಧಾನಕ್ಕೆ. ಅದನ್ನೂ ಹರಿದೆ. ಕೊನೆಗೆ ಯಾಕೂಬ್ ಭಾಯ್ ಹೇಳಿದ ಎರಡೇ ಸಾಲು ಉಳಿಯಿತು.

ಇಂಗ್ಲಿಷಿನಲ್ಲಾದ್ದರಿಂದ ಕೈ ಬಂತು. ಇಲ್ಲಿ ಕನ್ನಡದಲ್ಲಿ ಬರೆದು ನೋಡುತ್ತೇನೆ. ಆಶ್ರಿತಾ ವೆಂಕಟರಾಮು ಎಂಬ ವಿದ್ಯಾರ್ಥಿನಿಯ ತಾಯಿ ನಾನಲ್ಲ. ದಯವಿಟ್ಟು ನನ್ನ ಹೆಸರನ್ನು ತೆಗೆದುಹಾಕಿ.

ಫೆಬ್ರವರಿ 23, ಭಾನುವಾರ

ಎಂಥ ತಪ್ಪು ಮಾಡಿದೆ.

ಪತ್ರ ಕೊಟ್ಟೆ. ಆಫೀಸಿನವಳು ಓದಿ, ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದಳು. ಸೀಲ್ ಹಾಕಿ ಕೌಂಟರಿನ ಮೇಲೆ ಇಟ್ಟು ಒಳಗೆ ಹೋದಳು. ಲೈಬ್ರರಿ ಪುಸ್ತಕ ವಾಪಸು ಕೊಡಲಿ ಎಂದು ಆಶ್ರಿತಾಳನ್ನು ಕ್ಲಾಸಿನಿಂದ ಕರೆಸಿದ್ದರು. ಅವಳು ಬಂದು ನನ್ನ ಪಕ್ಕ ನಿಂತದ್ದು ಗೊತ್ತಾಗಲಿಲ್ಲ. ಕನ್ನಡ ಓದಲು ಬಾರದ ಹುಡುಗಿ, ಇಂಗ್ಲಿಷನ್ನು ನೀರು ಕುಡಿದಂತೆ ಓದುತ್ತಾಳೆ. ಅದು ನನಗೆ ಗೊತ್ತಿತ್ತಲ್ಲ!

'ನಾಟ್ ದ ಮದರ್ ಅಂತ ಇದೆ' ಎಂದಳು. 'ನಿನ್ನ ಸೈನ್ ಇದೆ.'

'ಆಶು, ಅದು ಬರೀ ಪೇಪರ್‌ಗೆ...'

'ನೀನೇ ಬರ್ದಿದ್ಯಾ?'

'ಹೂಂ.'

ಲೈಬ್ರರಿ ಪುಸ್ತಕವನ್ನು ಕೌಂಟರಿನ ಮೇಲಿಟ್ಟು ಕ್ಲಾಸಿಗೆ ಹೋದಳು. ತಿರುಗಿ ನೋಡಲಿಲ್ಲ.

ಫೆಬ್ರವರಿ 24, ಸೋಮವಾರ

ಮಾತಿಲ್ಲ. ನಾನು ಬಾಚಲು ಹೋದರೆ ತಲೆ ಸರಿಸಿದಳು, ತಾನೇ ಬಾಚಿಕೊಂಡಳು. ಬೈತಲೆ ಸೊಟ್ಟ.

ಫೆಬ್ರವರಿ 26, ಬುಧವಾರ

ಟಿ.ಸಿ. ಬಂತು. ರಶ್ಮಿತಾಗೆ ಫೋಟೋ ತೆಗೆದು ಕಳಿಸಿದೆ. ಥ್ಯಾಂಕ್ಸ್ ಎಂದು ಬರೆದು, ಕೈಮುಗಿಯುವ ಚಿತ್ರ ಹಾಕಿದ್ದಳು. ಇವಳು ಇನ್ನೂ ಮಾತಾಡುತ್ತಿಲ್ಲ.

ಮಾರ್ಚ್ 1, ಶನಿವಾರ

ಇಂದಿನಿಂದ ರಂಜಾನ್ ಉಪವಾಸ. ಕ್ಯಾಂಪು ಹಗಲಿಡೀ ಸದ್ದಿಲ್ಲದೆ ಇರುತ್ತದೆ, ನಮ್ಮ ಮನೆಯೂ.

ಬೆಳಿಗ್ಗೆ ನಾನು ಅವಳ ಬಟ್ಟೆ ಮಡಿಸುತ್ತಿದ್ದೆ. ಬಾಗಿಲಲ್ಲಿ ಬಂದು ನಿಂತಳು. ನಾಲ್ಕು ವರ್ಷದವಳಿದ್ದಾಗ ನಿಲ್ಲುತ್ತಿದ್ದ ಹಾಗೆಯೇ.

'ಹಂಗಾದ್ರೆ ನೀನು ನಂಗೆ ಏನು?' ಎಂದಳು.

ಆರು ದಿನ ಯೋಚಿಸಿ ಈ ಪ್ರಶ್ನೆ ತಂದಿದ್ದಳು. ಬಿ.ಎಸ್ಸಿ. ಓದಿ ಎಂಟು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು, ಒಂಬತ್ತು ವರ್ಷದವಳ ಮುಂದೆ ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದೆ.

'ಗೊತ್ತಿಲ್ಲ ಕಂದಾ. ಅದಕ್ಕೆ ಹೆಸರಿಲ್ಲ ಅನ್ಸುತ್ತೆ.'

'ನಾನು ಹೋಗಲ್ಲ ಅಂದ್ರೆ?'

'ಹೋಗ್ಬೇಕು.'

'ನಿಂಗೆ ನಾನು ಬೇಡ್ವಾ?'

'ಬೇಕು. ತುಂಬ ಬೇಕು. ಆದ್ರೂ ಹೋಗ್ಬೇಕು.'

ಅವಳು ಅತ್ತಳು. ನಾನೂ ಅತ್ತೆ, ನಲ್ಲಿ ಗಿಲ್ಲಿ ತಿರುಗಿಸದೆ ಅವಳ ಎದುರೇ. ಆಮೇಲೆ ಬಾಚಣಿಗೆ ತಂದು ನನ್ನ ಕೈಗಿಟ್ಟು, ನನ್ನ ಕಡೆ ಬೆನ್ನು ಮಾಡಿ ಕೂತಳು.

ಮಾರ್ಚ್ 12, ಬುಧವಾರ

ಪರೀಕ್ಷೆ ಮುಗಿಯಿತು. ರಶ್ಮಿತಾ ಇವತ್ತು ಬಂದಳು, ಎರಡು ದಿನ ಇಲ್ಲೇ ಇರುತ್ತಾಳೆ. ಫೋನಿನಲ್ಲಿ ಕಾಣುವುದಕ್ಕಿಂತ ಸಣ್ಣಗಿದ್ದಾಳೆ. ಗಲ್ಲ ಥೇಟ್ ಆಶ್ರಿತಾದು. ಐದು ವರ್ಷ ಸಾಬೂನು ಹಚ್ಚಿ ತೊಳೆದ ಆ ಗಲ್ಲ ಎಲ್ಲಿಂದ ಬಂದದ್ದೆಂದು ನಾನು ಯೋಚಿಸಿಯೇ ಇರಲಿಲ್ಲ. ಮಗು ಅವಳನ್ನು ಕಂಡು ಸಂತೋಷಪಟ್ಟಿತು, ನಾಚಿಕೊಂಡಿತು, ನನ್ನ ಸೆರಗಿನ ಹಿಂದೆ ಬಂತು, ಮತ್ತೆ ಅವಳ ಹತ್ತಿರ ಹೋಯಿತು.

ಸಂಜೆ ಆಶ್ರಿತಾ ಆಡುಗಳ ಹತ್ತಿರ ಹೋದಾಗ ಇಬ್ಬರೂ ಚಹಾ ಹಿಡಿದು ಕೂತೆವು. ಲೋಟ ತಿರುಗಿಸುತ್ತ ರಶ್ಮಿತಾ ಹೇಳಿದಳು:

'ನಾನೊಂದು ಕೇಳ್ತೀನಿ, ನನ್ನನ್ನ ಕೆಟ್ಟೋಳು ಅಂದ್ಕೋಬೇಡಿ. ಮೊದಲ ಆರು ತಿಂಗಳು ನೀವು ಬರ್ಬೇಡಿ. ಫೋನ್ ಕೂಡ... ಬೇಡ. ಮೈಸೂರು ಮೂರು ಗಂಟೆ ದಾರಿ ಅಂತ ಅವಳಿಗೆ ಗೊತ್ತು. ನೀವು ಹತ್ರ ಇದ್ರೆ ಅವಳು ನನ್ನ ಹತ್ರ ಬರೋದೇ ಇಲ್ಲ.'

ಜನವರಿಯ ನಾನಾಗಿದ್ದರೆ ಚಹಾ ಲೋಟ ಎಲ್ಲಿ ಇರುತ್ತಿತ್ತೋ. 'ಸರಿ' ಎಂದೆ. ಆಮೇಲೆ ಹೇಳಿದೆ: ತಲೆಗೆ ಎಣ್ಣೆ ಹಚ್ಚುವಾಗ ಕಿವಿಯ ಹಿಂದೆ ಮುಟ್ಟಿದರೆ ಅವಳಿಗೆ ಆಗುವುದಿಲ್ಲ. ಮಿಕ್ಸಿ ಹಾಕುವ ಮುಂಚೆ ಒಂದು ಮಾತು ಹೇಳಬೇಕು, ಹೆದರುತ್ತಾಳೆ. ಜ್ವರ ಬಂದರೆ ಬಾಯಿ ಬಿಟ್ಟು ಹೇಳುವುದಿಲ್ಲ, ಸುಮ್ಮನೆ ಬಂದು ಪಕ್ಕದಲ್ಲಿ ಕೂರುತ್ತಾಳೆ, ಆಗ ನೀವೇ ಹಣೆ ಮುಟ್ಟಿ ನೋಡಬೇಕು.

ರಶ್ಮಿತಾ ಫೋನ್ ತೆಗೆದು ಎಲ್ಲ ಬರೆದುಕೊಂಡಳು. ಬರೆಯುತ್ತಾ ಅಳುತ್ತಿದ್ದಳು. 'ಇದೆಲ್ಲ ನಂಗೆ ಗೊತ್ತಿರ್ಬೇಕಿತ್ತು' ಎಂದಳು. ಸಮಾಧಾನ ಮಾಡಲು ನನಗೆ ಮನಸ್ಸಾಗಲಿಲ್ಲ. ಆದರೂ ಅವಳ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ. ರಾತ್ರಿಗೆ ಹುಳಿ ಅವಳ ಕೈಯಲ್ಲೇ ಮಾಡಿಸಿದೆ, ಉಪ್ಪು ಎಷ್ಟೆಂದು ಪಕ್ಕದಲ್ಲಿ ನಿಂತು ಹೇಳಿದೆ. ಆಶ್ರಿತಾ ಎರಡು ಸಲ ಹಾಕಿಸಿಕೊಂಡಳು.

ಮಾರ್ಚ್ 14, ಶುಕ್ರವಾರ

ಹೋದಳು.

ಬೆಳಿಗ್ಗೆ ಯಾಕೂಬ್ ಭಾಯ್ ಗಾಡಿ ತಂದರು. ಉಪವಾಸದಲ್ಲೂ ಪೆಟ್ಟಿಗೆಗಳನ್ನೆಲ್ಲ ತಾವೇ ಎತ್ತಿಟ್ಟರು. ಏರ್‌ಪೋರ್ಟಿನ ಬಾಗಿಲಲ್ಲಿ ಆಶ್ರಿತಾ ತಲೆಯ ಮೇಲೆ ಕೈಯಿಟ್ಟು, 'ಯಲ್ಲಾ, ಹೊರಡು ಮಗಾ, ಒಳ್ಳೆ ಓದ್ಬೇಕು ಆಯ್ತಾ' ಎಂದವರು ಬೇಗನೆ ಗಾಡಿಗೆ ಹೋಗಿ ಕೂತುಬಿಟ್ಟರು.

ಚೆಕ್-ಇನ್ ಕೌಂಟರಿನ ತನಕ ನಾನೂ ಹೋದೆ. ಮಧ್ಯದಲ್ಲಿ ಆಶ್ರಿತಾ, ಎಡಕ್ಕೆ ನಾನು, ಬಲಕ್ಕೆ ರಶ್ಮಿತಾ. ಅವಳ ಎಡಗೈ ನನ್ನ ಕೈಯಲ್ಲಿತ್ತು. ಕೌಂಟರಿನಲ್ಲಿದ್ದ ಫಿಲಿಪಿನೋ ಹುಡುಗಿ ಪಾಸ್‌ಪೋರ್ಟು ತೆರೆದು, ನಮ್ಮಿಬ್ಬರನ್ನೂ ನೋಡಿ, ಮಗುವಿನ ಕಡೆ ಬಗ್ಗಿ ನಗುತ್ತ ಕೇಳಿದಳು, ಇವರಲ್ಲಿ ಮಮ್ಮಿ ಯಾರು, ಜೊತೆಗೆ ಬರುವವರು ಯಾರು ಎಂದು. ಮಕ್ಕಳನ್ನು ಕರೆದುಕೊಂಡು ಹೋಗುವಾಗ ಕೇಳುತ್ತಾರೇನೋ.

ಆಶ್ರಿತಾ ನನ್ನ ಮುಖ ನೋಡಿದಳು. ರಶ್ಮಿತಾ ನೆಲ ನೋಡುತ್ತಿದ್ದಳು. ಆ ಹುಡುಗಿ ನಗುತ್ತಲೇ ಕಾಯುತ್ತಿದ್ದಳು.

ನಾನು ರಶ್ಮಿತಾ ಕಡೆಗೆ ಕಣ್ಣು ಮಾಡಿದೆ. ಹೇಳು, ಎಂದು ಮಗುವಿಗೆ ತಲೆಯಾಡಿಸಿದೆ.

ಆಶ್ರಿತಾ ಬಲಗೈ ಎತ್ತಿ ರಶ್ಮಿತಾಳನ್ನು ತೋರಿಸಿದಳು. ಗುಡ್ ಗರ್ಲ್ ಎಂದು ಆ ಹುಡುಗಿ ಬೋರ್ಡಿಂಗ್ ಪಾಸ್ ಕೊಟ್ಟಳು. ಎಡಗೈ ಮಾತ್ರ ಇನ್ನೂ ನನ್ನ ಕೈಯನ್ನು ಹಿಡಿದೇ ಇತ್ತು. ಅದನ್ನು ಬಿಡಿಸಲು ನನಗೆ ಎರಡೂ ಕೈ ಬೇಕಾಯಿತು.